ಅಜ್ಜಿ ಹುಟ್ಟಿದ್ದು ಯಾವ ತಾರೀಖು?

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಅಜ್ಜಿ ಹುಟ್ಟಿದ ದಿನ ಯಾವುದು? ಅವರ ಗುರುತಿನ ಚೀಟಿ ತೆಗೆದು ನೋಡಿ. ನಮ್ಮೂರ ಕಡೆ ವಯಸ್ಸಾದ ಎಷ್ಟೋ ಜನರ ಚೀಟಿಯಲ್ಲಿ ಜನವರಿ 1 ಅಂತಲೋ ಜೂನ್ 1 ಅಂತಲೋ ಇರುತ್ತೆ. ಅಷ್ಟು ಜನ ಒಂದೇ ದಿನ ಹುಟ್ಟಿದ್ದಾರಾ? ಇಲ್ಲ. ಬರ್ಕೊಳ್ಳೋರು ಕೇಳಿದ ಪ್ರಶ್ನೆ ಅವರಿಗೆ ಅರ್ಥ ಆಗಲಿಲ್ಲ, ಅವರು ಹೇಳಿದ ಉತ್ತರ ಬರ್ಕೊಳ್ಳೋರಿಗೆ ಅರ್ಥ ಆಗಲಿಲ್ಲ. ಅಷ್ಟೇ.

ನಮ್ಮದು ಚನ್ನರಾಯನದುರ್ಗ. ತುಮಕೂರು ಜಿಲ್ಲೆ, ಕೊರಟಗೆರೆ ತಾಲೂಕು. ಬೆಟ್ಟದ ಮೇಲೆ ಕೋಟೆ, ಬುಡದಲ್ಲಿ ಊರು, ಸುತ್ತ ರಾಗಿ, ಹುರುಳಿ, ಕಡ್ಲೆಕಾಯಿ ಹೊಲ. ಅಜ್ಜಿ ಅಂದರೆ ನಮ್ಮಮ್ಮನ ಅಮ್ಮ. ಅವರ ಚೀಟಿಯಲ್ಲಿರೋದು 01-01-1962. ಯಾವುದೋ ಕ್ಯಾಂಪಿನಲ್ಲಿ ಯಾರೋ ಮುಖ ನೋಡಿ ಅಂದಾಜಿನಲ್ಲಿ ಬರೆದದ್ದು. ಇದರಲ್ಲೇನು ಮಹಾ ಅನ್ನಬೇಡಿ. 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಚೀಟಿಯ ಪ್ರಕಾರ ಅಜ್ಜಿಗೆ 65 ತುಂಬೋದು 2027ರ ಜನವರಿಗೆ. ನಿಜವಾಗಿ ಯಾವತ್ತು ತುಂಬಿತು? ಅದನ್ನ ಹುಡುಕೋಕೆ ಹೋದ ಕಥೆ ಇದು. ವಿಚಿತ್ರ ಏನಪ್ಪಾ ಅಂದ್ರೆ, ಆ ಹುಡುಕಾಟಕ್ಕೆ ದಾರಿ ತೋರಿಸಿದ್ದು ಹೀಬ್ರೂ ಭಾಷೆ.

ನಮ್ಮಕ್ಕ ನರ್ಸಿಂಗ್ ಓದಿದವಳು. ಇಸ್ರೇಲಿನಲ್ಲಿ ವಯಸ್ಸಾದವರೊಬ್ಬರ ಮನೆಯಲ್ಲಿ ಅವರನ್ನ ನೋಡಿಕೊಳ್ಳೋ ಕೆಲಸ. ಕರಾವಳಿ ಕಡೆಯಿಂದ ತುಂಬಾ ಜನ ಈ ಕೆಲಸಕ್ಕೆ ಹೋಗಿದ್ದಾರೆ, ನಮ್ಮ ಬಯಲುಸೀಮೆಯವಳಾಗಿ ಇವಳೂ ಹೋದಳು. ಮಾತ್ರೆ ಕೊಡೋದು, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋದು, ಎಲ್ಲದಕ್ಕೂ ಮೊದಲು ಬೇಕಾಗಿದ್ದು ದಿನ, ತಾರೀಖು. ರಾತ್ರಿ ವಾಟ್ಸಾಪ್ ಕಾಲ್‌ನಲ್ಲಿ ಅವಳು ನನಗೆ ಒಪ್ಪಿಸೋಳು, ನಾನು ತಪ್ಪು ಹುಡುಕೋನು. ಹಾಗೆ ಇಬ್ಬರೂ ಕಲಿತ್ವಿ.

ಮೊದಲ ಪಾಠ ವಾರಗಳು. ಸುಲಭ. ನಮ್ಮ ವಾರಗಳಲ್ಲಿ ಗ್ರಹಗಳಿವೆ: ಸೋಮ, ಮಂಗಳ, ಬುಧ. ಹೀಬ್ರೂನಲ್ಲಿ ಬರೀ ಎಣಿಕೆ. ಭಾನುವಾರ ಅಂದ್ರೆ ಯೋಮ್ ರಿಶೋನ್, ಮೊದಲನೇ ದಿನ. ಸೋಮವಾರ ಯೋಮ್ ಶೇನಿ, ಎರಡನೇ ದಿನ. ಬುಧವಾರ ಯೋಮ್ ರೆವಿಯಿ, ನಾಲ್ಕನೇದು. ಹೆಸರು ಅಂತ ಇರೋದು ಏಳನೇ ದಿನಕ್ಕೆ ಮಾತ್ರ, ಶಬ್ಬಾತ್.

ಆಮೇಲೆ ಅಕ್ಕ ಒಂದು ವಾಕ್ಯ ಹೇಳಿದಳು: "ಮಾ ಹತಾರೀಖ್ ಹಯೋಮ್?" ನಾನು, "ಲೇ ಅಕ್ಕ, ಮಧ್ಯದಲ್ಲಿ ತಾರೀಖು ಅಂದೆಯಲ್ಲೇ" ಅಂದೆ. ಅವಳು, "ಹೂ ಕಣೋ, ಇವತ್ತು ಯಾವ ತಾರೀಖು ಅಂತಾನೇ ಅರ್ಥ" ಅಂದಳು.

ಅದೇ ಪದ. ಅರಬ್ಬೀ ಮೂಲದ್ದು. ಅರಬ್ಬೀ ಮಾತಾಡೋ ನಾಡುಗಳಲ್ಲಿ ಬದುಕಿದ್ದ ಯಹೂದಿಗಳು ಮಧ್ಯಯುಗದಲ್ಲಿ ಅದನ್ನ ಹೀಬ್ರೂಗೆ ತಗೊಂಡರು. ನಮ್ಮ ಕಡೆಗೆ ಬಂದಿದ್ದು ಪಾರ್ಸಿ ಭಾಷೆಯ ಆಡಳಿತದ ಜೊತೆ. ನಮ್ಮೂರಿನ ನೆರೆಯ ಶಿರಾ ನೋಡಿ. 1638ರಲ್ಲಿ ಬಿಜಾಪುರದ ಕೈಗೆ ಹೋಯಿತು. 1687ರಲ್ಲಿ ಮೊಗಲರ ಸುಬಾದ ರಾಜಧಾನಿ ಆಯಿತು. ಅಲ್ಲಿನ ಮಲಿಕ್ ರಿಹಾನ್ ದರ್ಗಾ, ಜುಮ್ಮಾ ಮಸೀದಿ ಇವತ್ತಿಗೂ ಇವೆ. ಇಂಥ ಆಡಳಿತದ ಕಚೇರಿಗಳಿಂದಲೇ ತಾಲೂಕು, ಜಿಲ್ಲೆ, ಖಾತೆ, ತಾರೀಖು ಎಲ್ಲ ನಮ್ಮ ಬಾಯಿಗೆ ಬಂದವು. 'ಫಸಲು' ಕೂಡ ಅಷ್ಟೇ, ಅರಬ್ಬಿಯಲ್ಲಿ ಅದರರ್ಥ ಋತು. ನಮ್ಮಲ್ಲಿ ಅದು ಬೆಳೆ ಆಗಿದೆ.

ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗೋಣ. ತಾರೀಖು ಅನ್ನೋ ಪದದ ಬೇರು ಚಂದ್ರ ಅನ್ನೋ ಪದದಲ್ಲಿದೆ ಅನ್ನೋದು ಭಾಷಾ ಪಂಡಿತರಲ್ಲಿ ಬಳಕೆಯಲ್ಲಿರೋ ವಿವರಣೆ. ಹೀಬ್ರೂನಲ್ಲಿ ಚಂದ್ರನಿಗೆ ಯಾರೇಅಖ್, ಹಳೇ ಹೀಬ್ರೂನಲ್ಲಿ ತಿಂಗಳಿಗೆ ಯೆರಖ್. ಕನ್ನಡದಲ್ಲಿ? 'ತಿಂಗಳು' ಅಂದ್ರೆ ಮೂವತ್ತು ದಿನವೂ ಹೌದು, ಚಂದ್ರನೂ ಹೌದು. ಬೆಳದಿಂಗಳು ಅಂತೀವಲ್ಲ, ಅದು ಬೆಳ್ಳನೆಯ ತಿಂಗಳು. ಎರಡು ಭಾಷೆಗೂ ನೆಂಟಸ್ತಿಕೆ ಇಲ್ಲ. ಆದರೆ ಎರಡೂ ಕಡೆ ಜನ ಆಕಾಶ ನೋಡಿ ದಿನ ಎಣಿಸಿದ್ದಾರೆ.

ಹೀಬ್ರೂ ತಾರೀಖು ಕರ್ನಾಟಕಕ್ಕೆ ಹೊಸದೂ ಅಲ್ಲ. 900 ವರ್ಷದ ಹಿಂದೆ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಮೆಣಸು, ಅಡಿಕೆ, ಕಬ್ಬಿಣದ ವ್ಯಾಪಾರ, ಜೊತೆಗೆ ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆ. ಅವನ ಕಾಗದಗಳು ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ಉಳಿದುಕೊಂಡವು. ಅದರಲ್ಲೊಂದು, ಅಶು ಅನ್ನೋ ಹೆಣ್ಣುಮಗಳನ್ನ ಗುಲಾಮಗಿರಿಯಿಂದ ಬಿಡಿಸಿದ ಪತ್ರ. ಬರೆದಿದ್ದು ಮಂಗಳೂರಿನಲ್ಲಿ. ಅದರ ತಾರೀಖು ನಮ್ಮ ಇಂಗ್ಲಿಷ್ ಲೆಕ್ಕಕ್ಕೆ 1132ರ ಅಕ್ಟೋಬರ್ 17. ಅದೇ ದಿನ ಕರ್ನಾಟಕದಲ್ಲಿ ಯಾರಾದರೂ ಕಲ್ಲಿನ ಮೇಲೆ ಶಾಸನ ಬರೆಸಿದ್ದರೆ ಶಕ 1054 ಅಂತ ಹಾಕಿಸುತ್ತಿದ್ದರು. ದಿನ ಒಂದೇ, ಬರೆಯೋ ರೀತಿ ಬೇರೆ. ಒಂದನ್ನ ಇನ್ನೊಂದಕ್ಕೆ ತಿರುಗಿಸೋ ಲೆಕ್ಕ ಗೊತ್ತಿದ್ದರೆ ಎರಡೂ ನಿಜವೇ. ಈ ಮಾತು ನೆನಪಿಟ್ಟುಕೊಳ್ಳಿ.

ಈಗ ಋತುಗಳ ಪಾಠ. ಅಕ್ಕನ ಪುಸ್ತಕದಲ್ಲಿ ನಾಲ್ಕು ಇದ್ದವು: ಅವೀವ್, ಕಯಿತ್ಸ್, ಸ್ತಾವ್, ಖೋರೆಫ್. ವಸಂತ, ಬೇಸಿಗೆ, ಶರತ್ತು, ಚಳಿಗಾಲ. ಅವಳು ನೋಡಿಕೊಳ್ಳೋ ಅಮ್ಮ ನಕ್ಕುಬಿಟ್ಟರಂತೆ. "ಇಲ್ಲಿರೋದು ಎರಡೇ, ಮಳೆ ಬರೋ ಕಾಲ, ಮಳೆ ಬರದ ಕಾಲ" ಅಂತ. ಹಳೆಯ ಹೀಬ್ರೂನಲ್ಲೂ ವರ್ಷ ಅಂದ್ರೆ ಮುಖ್ಯವಾಗಿ ಕಯಿತ್ಸ್ ಮತ್ತು ಖೋರೆಫ್ ಎರಡೇ. ಸ್ತಾವ್ ಅನ್ನೋ ಪದ ಬೈಬಲಿನಲ್ಲಿ ಒಂದೇ ಸಲ ಬರುತ್ತೆ, ಅಲ್ಲಿ ಅದು ಮಳೆಯ ಚಳಿಗಾಲ. ಶರತ್ತು ಅನ್ನೋ ಅರ್ಥ ಬಂದಿದ್ದು ಆಮೇಲೆ. ನಮ್ಮ ಕಥೆಯೂ ಅದೇ ಅಲ್ವಾ? ಸ್ಕೂಲಲ್ಲಿ ಆರು ಋತು ಬಾಯಿಪಾಠ ಮಾಡ್ತೀವಿ. ಹೊಲಕ್ಕೆ ಹೋದರೆ ಮುಂಗಾರು, ಹಿಂಗಾರು.

ಮುಂಗಾರು, ಹಿಂಗಾರು ಅಂದೆನಲ್ಲ, ಹೀಬ್ರೂನಲ್ಲೂ ಆ ಜೋಡಿ ಇದೆ. ಮಳೆಗೆ ಸಾಮಾನ್ಯ ಪದ ಗೆಶೆಮ್. ಆದರೆ ವರ್ಷದ ಮೊದಲ ಮಳೆಗೆ ಯೋರೆ, ಕೊನೇ ಮಳೆಗೆ ಮಲ್ಕೋಶ್. ಯೋರೆ ಬಿದ್ದರೆ ನೆಲ ಮೆತ್ತಗಾಗಿ ಬಿತ್ತನೆ. ಮಲ್ಕೋಶ್ ಬಿದ್ದರೆ ಕಾಳು ಗಟ್ಟಿ. ನಮ್ಮ ಮುಂಗಾರು ಜೂನ್ ಹೊತ್ತಿಗೆ, ಅವರ ಯೋರೆ ದೀಪಾವಳಿ ಆಸುಪಾಸಿಗೆ. ತಿಂಗಳು ಬೇರೆ, ಕಾಯೋದು ಒಂದೇ.

ಇದಕ್ಕೆ ಮೂರು ಸಾವಿರ ವರ್ಷದ ಸಾಕ್ಷಿ ಇದೆ. 1908ರಲ್ಲಿ ಗೆಜೆರ್ ಅನ್ನೋ ಹಳೇ ಊರಿನ ಉತ್ಖನನದಲ್ಲಿ ಅಂಗೈಯಷ್ಟಗಲದ ಒಂದು ಸುಣ್ಣಕಲ್ಲು ಸಿಕ್ಕಿತು. ಕ್ರಿಸ್ತಪೂರ್ವ 10ನೇ ಶತಮಾನದ್ದು, ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಭಾಷೆ ಹೀಬ್ರೂ, ಇಲ್ಲವೇ ಅದಕ್ಕೆ ತೀರಾ ಹತ್ತಿರದ್ದು. ಅದರಲ್ಲಿ ರಾಜನ ಹೆಸರಿಲ್ಲ, ಯುದ್ಧ ಇಲ್ಲ. ಇರೋದು ಹೊಲದ ಕೆಲಸ: ಸುಗ್ಗಿ ಒಳಗೆ ಸೇರಿಸೋಕೆ ಎರಡು ತಿಂಗಳು, ಬಿತ್ತನೆಗೆ ಎರಡು, ತಡವಾದ ಬಿತ್ತನೆಗೆ ಎರಡು, ಅಗಸೆ ಕೊಯ್ಲಿಗೆ ಒಂದು, ಬಾರ್ಲಿ ಕೊಯ್ಲಿಗೆ ಒಂದು, ಉಳಿದ ಕೊಯ್ಲು ಮತ್ತು ಅಳತೆಗೆ ಒಂದು, ದ್ರಾಕ್ಷಿ ಬಳ್ಳಿಯ ಕೆಲಸಕ್ಕೆ ಎರಡು, ಬೇಸಿಗೆ ಹಣ್ಣಿಗೆ ಒಂದು. ಕೂಡಿ ನೋಡಿ, ಹನ್ನೆರಡು. ಅದರಲ್ಲಿ 'ತಡವಾದ' ಅನ್ನೋದಕ್ಕೆ ಇರೋ ಪದ, ಕೊನೇ ಮಳೆಯ ಮಲ್ಕೋಶ್, ಎರಡರ ಧಾತುವೂ ಒಂದೇ. ಇವತ್ತು ಹೀಬ್ರೂ ಮಾತಾಡೋರು ಹೇಳೋ ನಿಸಾನ್, ತಿಶ್ರಿ ಥರದ ತಿಂಗಳ ಹೆಸರುಗಳು ಆಮೇಲೆ ಬಾಬಿಲೋನಿಯಾದಿಂದ ಬಂದವು. ಅದಕ್ಕೂ ಮೊದಲು ಕಾಲವನ್ನ ಕೆಲಸದ ಹೆಸರಿನಿಂದ ಗುರುತಿಸುತ್ತಿದ್ದರು.

ಈ ಕಲ್ಲಿನ ವಿಷಯ ನಾನು ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ಕಡ್ಲೆಕಾಯಿ ಬಿಡಿಸ್ತಾ, ತಲೆ ಎತ್ತದೆ, "ಇದನ್ನ ಬರೆದಿಡಬೇಕಾ? ನಮಗೆಲ್ಲ ಬಾಯಲ್ಲೇ ಇದೆಯಲ್ಲ" ಅಂದರು. ಅಂದು, ಶುರು ಮಾಡಿದರು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ... ಸ್ವಾತಿ, ವಿಶಾಖದವರೆಗೂ. ಯಾವ ಮಳೆಗೆ ಉಳುಮೆ, ಯಾವ ಮಳೆಗೆ ರಾಗಿ, ಯಾವ ಮಳೆ ಕೈ ಕೊಟ್ಟರೆ ಆ ವರ್ಷ ಹುರುಳಿಯೇ ಗತಿ, ಎಲ್ಲ.

ಆಗ ನನಗೆ ತಲೆಗೆ ಹೊಳೆದಿದ್ದು. ಕೇಳಿದೆ: "ಅಜ್ಜಿ, ನೀನು ಹುಟ್ಟಿದ್ದು ಯಾವ ಮಳೇಲಿ?"

ಇಷ್ಟು ವರ್ಷ ನಾವೆಲ್ಲ ಕೇಳಿದ್ದು "ಯಾವ ಡೇಟು?" ಅಂತ. ಅದಕ್ಕೆ ಅಜ್ಜಿಯ ಉತ್ತರ ಯಾವಾಗಲೂ "ಗೊತ್ತಿಲ್ಲ ಕಣಪ್ಪ". ಈ ಸಲ ಒಂದು ಕ್ಷಣವೂ ತಡ ಮಾಡಲಿಲ್ಲ. "ಸ್ವಾತಿ ಮಳೆ. ಜಯ ಸಂವತ್ಸರ, ಅದಕ್ಕೇ ನನ್ನ ಹೆಸರಲ್ಲಿ ಜಯ ಇರೋದು. ಬಲಿಪಾಡ್ಯಮಿ ದಿನ, ಬುಧವಾರ, ದೀಪ ಹಚ್ಚೋ ಹೊತ್ತು. ನಮ್ಮವ್ವ ಕಡ್ಲೆಕಾಯಿ ಕೀಳೋಕೆ ಹೋಗಿದ್ದೋಳು ಹೊಲದಿಂದ ವಾಪಸ್ ಬಂದಳಂತೆ."

ಗಮನಿಸಿ. ಗೊತ್ತಿಲ್ಲ ಅಂದವರ ಹತ್ತಿರ ಐದು ಗುರುತು ಇದ್ದವು. ಒಂದೊಂದಾಗಿ ಬಿಡಿಸೋಣ.

ಮೊದಲನೇದು, ಜಯ ಸಂವತ್ಸರ. ಸಂವತ್ಸರಗಳು 60, ಪ್ರಭವದಿಂದ ಅಕ್ಷಯದವರೆಗೆ, ಆಮೇಲೆ ಮತ್ತೆ ಮೊದಲಿಂದ. 1927ರ ಯುಗಾದಿಗೆ ಪ್ರಭವ ಬಂತು. ಜಯ 28ನೇದು, ಹಾಗಾಗಿ 1954ರ ಯುಗಾದಿಯಿಂದ 1955ರ ಯುಗಾದಿವರೆಗೆ. ಅದಕ್ಕೂ ಹಿಂದಿನ ಜಯ 1894ರಲ್ಲಿ, ಮುಂದಿನದು 2014ರಲ್ಲಿ. 1894 ಆದರೆ ಅಜ್ಜಿ ಗಿನ್ನೆಸ್ ದಾಖಲೆಗೆ ಹೋಗಬೇಕು, 2014 ಆದರೆ ಸ್ಕೂಲಿಗೆ ಹೋಗಬೇಕು. ಉಳಿದಿದ್ದು 1954.

ಈ 60ರ ಚಕ್ರ ಎಷ್ಟು ಗಟ್ಟಿ ಅಂದ್ರೆ, ಟಿಪ್ಪು ಸುಲ್ತಾನ್ ಕ್ಯಾಲೆಂಡರನ್ನೇ ಬದಲಾಯಿಸಿದಾಗಲೂ ಇದನ್ನ ಬಿಡಲಿಲ್ಲ. ಮಧುಗಿರಿ ಪಾಳೆಯಗಾರರ ಕೈಯಲ್ಲಿದ್ದ ನಮ್ಮ ದುರ್ಗ ಅಷ್ಟು ಹೊತ್ತಿಗೆ ಮೈಸೂರಿಗೆ ಸೇರಿತ್ತು. ಟಿಪ್ಪುವಿನ ಲೆಕ್ಕದಲ್ಲಿ 60 ವರ್ಷಕ್ಕೂ ಹೊಸ ಹೆಸರು, ಆ ಹೆಸರಿನ ಅಕ್ಷರಗಳನ್ನ ಕೂಡಿದರೆ ವರ್ಷದ ಸಂಖ್ಯೆ. ಉದಾಹರಣೆಗೆ 'ಅಜಲ್': ಅಲಿಫ್ 1, ಜೆ 7, ಲಾಮ್ 30, ಒಟ್ಟು 38. ನಮ್ಮ 38ನೇ ಸಂವತ್ಸರ ಕ್ರೋಧಿ, ಅಂದರೆ 1784. ಹೀಬ್ರೂನಲ್ಲೂ ಇವತ್ತಿಗೂ ವರ್ಷ ಬರೆಯೋದು ಹೀಗೇ, ಅಕ್ಷರದಲ್ಲಿ. ಅಲೆಫ್ 1, ಜಾಯಿನ್ 7, ಲಾಮೆದ್ 30. ಅರಬ್ಬಿಯದೂ ಹೀಬ್ರೂದೂ ಒಂದೇ ಹಳೇ ಅಕ್ಷರಮಾಲೆಯ ಸಾಲು.

ಎರಡನೇ ಗುರುತು, ಸ್ವಾತಿ ಮಳೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಇದು ಸೂರ್ಯನ ಲೆಕ್ಕ ಆಗಿರೋದರಿಂದ ಇಂಗ್ಲಿಷ್ ತಾರೀಖಿನ ಜೊತೆ ಹೆಚ್ಚುಕಮ್ಮಿ ಹೊಂದಿಕೊಂಡೇ ಇರುತ್ತೆ. ಸ್ವಾತಿ ಅಂದ್ರೆ ಅಕ್ಟೋಬರ್ 24ರ ಸುಮಾರಿನಿಂದ ನವೆಂಬರ್ 6ರ ಸುಮಾರಿನವರೆಗೆ.

ಮೂರನೇದು, ಬಲಿಪಾಡ್ಯಮಿ. ಇದು ಚಂದ್ರನ ಲೆಕ್ಕ, ದೀಪಾವಳಿ ಅಮಾವಾಸ್ಯೆಯ ಮಾರನೇ ದಿನ. 1954ರಲ್ಲಿ ಆ ಅಮಾವಾಸ್ಯೆ ಬಿದ್ದಿದ್ದು ಅಕ್ಟೋಬರ್ 26ಕ್ಕೆ. ಹಾಗಾದರೆ ಪಾಡ್ಯ 27. ಸ್ವಾತಿಯೊಳಗೇ ಬಂತು.

ನಾಲ್ಕನೇದು, ವಾರ. 1954ರ ಅಕ್ಟೋಬರ್ 27 ಯಾವ ವಾರ? ಫೋನ್ ಕ್ಯಾಲೆಂಡರನ್ನ ಹಿಂದಕ್ಕೆ ತಳ್ಳುತ್ತಾ ಹೋದೆ. ಬುಧವಾರ! ಸುಳ್ಳು ಹೇಳಲ್ಲ, ಆ ರಾತ್ರಿ ನನ್ನ ಕೈ ನಡುಗಿತು.

ಇತಿಹಾಸ ಓದೋರಿಗೆ ಈ ದಾರಿ ಹೊಸದಲ್ಲ. ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಅಂಥ ಶಾಸನಗಳಲ್ಲಿ ಶಕ ವರ್ಷ, ಸಂವತ್ಸರ, ಮಾಸ, ತಿಥಿ, ವಾರ ಸಾಲಾಗಿ ಬರುತ್ತವೆ. ಅವನ್ನ ಇಂಗ್ಲಿಷ್ ತಾರೀಖಿಗೆ ತಿರುಗಿಸೋಕೆ ರಾಬರ್ಟ್ ಸ್ಯೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ 1896ರಲ್ಲೇ ಒಂದು ಪುಸ್ತಕ ತಂದಿದ್ದರು. ತಿಥಿಗೂ ವಾರಕ್ಕೂ ತಾಳೆ ಆದರೆ ತಾರೀಖು ನಂಬಬಹುದು, ಆಗದಿದ್ದರೆ ಎಲ್ಲೋ ತಪ್ಪಿದೆ ಅಂತ ಅನುಮಾನ. ಅಜ್ಜಿಯ ಮಾತು ಈ ಪರೀಕ್ಷೆಯಲ್ಲಿ ಪಾಸಾಯಿತು. ಅವರ ಚೀಟಿಯ ಜನವರಿ 1ಕ್ಕೆ ತಾಳೆ ನೋಡೋಕೆ ಏನೂ ಇಲ್ಲ.

ಐದನೇದು, ದೀಪ ಹಚ್ಚೋ ಹೊತ್ತು. ಇದನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಅಲ್ಲಿನ ಅಮ್ಮನಿಗೆ ಹೇಳಿದಳು. ಅವರು ಹಳೇ ಕ್ಯಾಲೆಂಡರ್ ಲೆಕ್ಕ ಹಾಕಿ, ಅಕ್ಟೋಬರ್ 27 ಅಂದ್ರೆ 5715ನೇ ವರ್ಷದ ತಿಶ್ರಿ ತಿಂಗಳ 30 ಅಂದರು. ಆಮೇಲೆ ಕೈ ಎತ್ತಿ, "ತಡಿ, ದೀಪ ಹಚ್ಚಿದ ಮೇಲೆ ಹುಟ್ಟಿದ್ದಾ? ಹಾಗಾದರೆ ಅದು ಮರ್‌ಖೆಶ್ವಾನ್ 1, ಗುರುವಾರ" ಅಂದರಂತೆ. ಯಾಕೆ ಗೊತ್ತಾ? ನಮ್ಮ ಪಂಚಾಂಗದ ದಿನ ಸೂರ್ಯ ಹುಟ್ಟಿದಾಗ ಶುರು. ಹೀಬ್ರೂ ದಿನ ಸೂರ್ಯ ಮುಳುಗಿದಾಗ ಶುರು. ಶಬ್ಬಾತ್ ಶುಕ್ರವಾರ ಸಂಜೆಯೇ ಬರೋದು ಅದಕ್ಕೇ.

ಈಗ ಅಕ್ಕಪಕ್ಕ ಇಡಿ. ನಮ್ಮಲ್ಲಿ ಕಾರ್ತಿಕ ಶುದ್ಧ ಪಾಡ್ಯ, ತಿಂಗಳ ಮೊದಲ ದಿನ. ಅವರಲ್ಲಿ ಮರ್‌ಖೆಶ್ವಾನ್ 1, ತಿಂಗಳ ಮೊದಲ ದಿನ. ಚಂದ್ರ ಒಬ್ಬನೇ ಅಲ್ವಾ. ಎರಡೂ ಕ್ಯಾಲೆಂಡರು ಚಂದ್ರನನ್ನ ಹಿಡ್ಕೊಂಡು ನಡೀತವೆ, ಆದರೆ ಋತು ಕೈತಪ್ಪಬಾರದು ಅಂತ ಆಗಾಗ ಒಂದು ತಿಂಗಳು ಸೇರಿಸ್ತವೆ. ನಾವು ಅಧಿಕಮಾಸ ಅಂತೀವಿ. ಅವರು 19 ವರ್ಷದಲ್ಲಿ 7 ಸಲ ಅದಾರ್ ತಿಂಗಳನ್ನ ಎರಡು ಮಾಡ್ತಾರೆ. ಹಬ್ಬ ಹೊಲದಿಂದ ದೂರ ಹೋಗಬಾರದು, ಅದು ಲೆಕ್ಕ. ಮರ್‌ಖೆಶ್ವಾನ್‌ನಲ್ಲಿ ಯಾವ ಹಬ್ಬವೂ ಇಲ್ಲ, ಆದರೆ ಆ ತಿಂಗಳ 7ರಿಂದ ಇಸ್ರೇಲಿನಲ್ಲಿ ಮಳೆಗಾಗಿ ಪ್ರಾರ್ಥನೆ ಶುರುವಾಗುತ್ತೆ. ಹಬ್ಬಕ್ಕೆ ಜೆರುಸಲೇಮಿಗೆ ಬಂದ ದೂರದೂರಿನವರು ಕೆಸರಿಗೆ ಸಿಗದೆ ಮನೆ ಮುಟ್ಟಲಿ ಅಂತ ಹಿಂದಿನವರು ಅಷ್ಟು ದಿನ ತಡ ಮಾಡಿದ್ದು.

ಸರಿ, ಪಿಂಚಣಿ? 1954ರ ಅಕ್ಟೋಬರ್ 27ರ ಲೆಕ್ಕದಲ್ಲಿ ಅಜ್ಜಿಗೆ 65 ತುಂಬಿದ್ದು 2019ರ ಅಕ್ಟೋಬರಿನಲ್ಲಿ. ಚೀಟಿಯ ಲೆಕ್ಕಕ್ಕೂ ಇದಕ್ಕೂ ಏಳು ವರ್ಷದ ಮೇಲೆ ಅಂತರ. ನಾನು ಒಂದು ಹಾಳೆಯಲ್ಲಿ ಐದೂ ಗುರುತು ಬರೆದುಕೊಂಡು ಹೋದೆ. ಅಲ್ಲಿದ್ದವರು ಸಮಾಧಾನವಾಗೇ ಕೇಳಿದರು, ಓದಿದರು. "ಚೆನ್ನಾಗಿದೆ, ಆದರೆ ಮಳೆ ಹೆಸರು ಬರೆಯೋಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ, ಕಾಗದದ ಪುರಾವೆ ತನ್ನಿ" ಅಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಅವರಿಗೂ ಒಂದೇ ಕ್ಯಾಲೆಂಡರ್ ಕಲಿಸಿದ್ದಾರೆ. ಅಜ್ಜಿಯ ತವರಿನಲ್ಲಿ ಹಳೇ ಪಂಚಾಂಗದ ಅಂಚಿನಲ್ಲಿ ಹಸು ಕರು ಹಾಕಿದ್ದು, ಮಕ್ಕಳು ಹುಟ್ಟಿದ್ದು ಬರೆದಿಡೋ ರೂಢಿ ಇತ್ತಂತೆ. ಅಟ್ಟದ ಮೇಲೆ ಹುಡುಕ್ತಾ ಇದ್ದೀವಿ. ವೈದ್ಯರಿಂದ ವಯಸ್ಸಿನ ಪತ್ರಕ್ಕೂ ಓಡಾಡ್ತಾ ಇದ್ದೀವಿ. ಇನ್ನೂ ಮುಗಿದಿಲ್ಲ.

ಆದರೆ ಒಂದು ಮುಗೀತು. ನಮ್ಮನೆಯಲ್ಲಿ ಇನ್ನು ಯಾರೂ "ಅಜ್ಜಿಗೆ ಹುಟ್ಟಿದ ದಿನ ಗೊತ್ತಿಲ್ಲ" ಅನ್ನಲ್ಲ. ಅವರಿಗೆ ಗೊತ್ತಿತ್ತು. ನಮಗೆ ಕೇಳೋಕೆ ಗೊತ್ತಿರಲಿಲ್ಲ. ಅದನ್ನ ಕಲಿಯೋಕೆ ನಾನು ಹೀಬ್ರೂವರೆಗೂ ಹೋಗಿ ಬರಬೇಕಾಯಿತು.

ಈ ಸಲದ ಬಲಿಪಾಡ್ಯಮಿಗೆ ಅಕ್ಕ ವಿಡಿಯೋ ಕಾಲ್ ಮಾಡಿದಳು. ಪಕ್ಕದಲ್ಲಿ ಆ ಅಮ್ಮ. "ಯೋಮ್ ಹುಲೆದೆತ್ ಸಮೇಅಖ್" ಅಂದರು, ಹುಟ್ಟುಹಬ್ಬದ ಶುಭಾಶಯ ಅಂತ. ಅಜ್ಜಿಗೆ ಅದು ಅರ್ಥ ಆಗಲಿಲ್ಲ. ಫೋನಿಗೆ ಮುಖ ಹತ್ತಿರ ತಂದು, ನಮ್ಮೂರಿನವರು ಯಾರನ್ನ ಕಂಡರೂ ಕೇಳೋದನ್ನೇ ಕೇಳಿದರು: "ಅಲ್ಲಿ ಮಳೆ ಆಯ್ತೇನಮ್ಮಾ?"

ಅಕ್ಕ ಹೀಬ್ರೂನಲ್ಲಿ ಹೇಳಿದಳು. ಆ ಅಮ್ಮ ಕಿಟಕಿ ಕಡೆ ನೋಡಿ ತಲೆ ಅಲ್ಲಾಡಿಸಿದರು. ಇನ್ನೂ ಇಲ್ಲ.

ಇವತ್ತಿಗೆ ಇಷ್ಟು. ಇದನ್ನ ಕೇಳಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಹತ್ತಿರ ಕೂತು, ಯಾವ ತಾರೀಖು ಅಂತ ಕೇಳಬೇಡಿ. ಯಾವ ಸಂವತ್ಸರ, ಯಾವ ಮಳೆ, ಯಾವ ಹಬ್ಬದ ಹಿಂದುಮುಂದು, ಯಾವ ವಾರ ಅಂತ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಲೆಕ್ಕ ಆಮೇಲೆ ಹಾಕಬಹುದು, ಹೇಳೋರು ಇರುವಾಗಲೇ ಕೇಳಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.